ಬೆಲೆ ಮತ್ತು ಜನಪ್ರಿಯತೆ: ಯುವಜನರ ಮೊಬೈಲ್ ಆಯ್ಕೆಯ ಹಿಂದಿನ ಲೆಕ್ಕಾಚಾರ

ಯಾವುದೇ ವಸ್ತುವನ್ನು ಕೊಳ್ಳಹೊರಟವನ ಮನಸ್ಸಿನಲ್ಲಿ ಎರಡು ಪ್ರಶ್ನೆಗಳು ಏಳುತ್ತವೆ. ಇದಕ್ಕೆ ಎಷ್ಟು ಹಣ ತೆರಬೇಕು ಎಂಬುದು ಮೊದಲನೆಯದು. ಇದನ್ನು ಈಗಾಗಲೇ ಯಾರು ಯಾರು ಕೊಂಡಿದ್ದಾರೆ ಎಂಬುದು ಎರಡನೆಯದು. ಮೊದಲ ಪ್ರಶ್ನೆಯನ್ನು ಎಲ್ಲರೂ ಬಾಯಿಬಿಟ್ಟು ಕೇಳುತ್ತಾರೆ. ಎರಡನೆಯದನ್ನು ಕೇಳದಂತೆ ನಟಿಸುತ್ತಾರೆ. ಇಂದಿನ ಯುವಜನರು ಸ್ಮಾರ್ಟ್‌ಫೋನನ್ನು ಆರಿಸುವಾಗ ಈ ಎರಡನೆಯ ಪ್ರಶ್ನೆಯನ್ನು ಸಂಕೋಚವಿಲ್ಲದೆ ಮುಂದಿಡುತ್ತಾರೆ. ಹಿರಿಯರಿಗೆ ಇದು ಶೋಕಿಯಾಗಿಯೂ ಕುರುಡು ಅನುಕರಣೆಯಾಗಿಯೂ ಕಾಣುತ್ತದೆ. ಈ ಆಕ್ಷೇಪದಲ್ಲಿ ಸ್ವಲ್ಪ ಸತ್ಯವಿದೆ, ಬಹಳಷ್ಟು ಅನ್ಯಾಯವೂ ಇದೆ. ಎರಡನ್ನೂ ಬೇರ್ಪಡಿಸಿ ನೋಡಬೇಕಾದರೆ ಮೊಬೈಲಿಗಿಂತ ಹಿಂದಿನ ಒಂದು ವಸ್ತುವಿನಿಂದ ಆರಂಭಿಸುವುದು ಒಳಿತು.

ಕರ್ನಾಟಕದ ಎರಡು ತಲೆಮಾರುಗಳ ಪಾಲಿಗೆ ಆ ವಸ್ತು ಕೈಗಡಿಯಾರ. ಜಪಾನಿನ ಸಿಟಿಜನ್ ಸಂಸ್ಥೆಯ ಸಹಯೋಗದಿಂದ ಬೆಂಗಳೂರಿನಲ್ಲಿ ಎಚ್‌ಎಂಟಿ ಗಡಿಯಾರದ ಕಾರ್ಖಾನೆ 1961ರಲ್ಲಿ ರೂಪುಗೊಂಡಿತು. ಎಸ್ಸೆಸ್ಸೆಲ್ಸಿಯಲ್ಲಿ ತೇರ್ಗಡೆಯಾದ ಮಗನಿಗೆ, ನೌಕರಿ ಸಿಕ್ಕಿದ ತಮ್ಮನಿಗೆ, ಹಸೆಮಣೆ ಏರಲಿರುವ ಅಳಿಯನಿಗೆ ಅದು ಸಲ್ಲುತ್ತಿತ್ತು. ಅದನ್ನು ಆರಿಸುತ್ತಿದ್ದವರು ಮನೆಯ ಹಿರಿಯರು, ಧರಿಸುತ್ತಿದ್ದವರು ಕಿರಿಯರು. ಯಾವುದು ಒಳ್ಳೆಯ ಗಡಿಯಾರ ಎಂಬ ತಿಳಿವಳಿಕೆ ಹಿರಿಯರಿಂದ ಕಿರಿಯರಿಗೆ ಇಳಿದು ಬರುತ್ತಿತ್ತು. ಎಚ್‌ಎಂಟಿ ಬಹುಜನರ ಮೆಚ್ಚುಗೆಯ ಗಡಿಯಾರವಾದುದರಿಂದಲೇ ಅದನ್ನು ಕೊಂಡರು ಎಂಬುದನ್ನು ಅಂದು ಯಾರೂ ಅನುಕರಣೆಯೆಂದು ಕರೆಯಲಿಲ್ಲ. ಅದನ್ನು ನಂಬಿಕೆ ಎಂದರು. ಸ್ಮಾರ್ಟ್‌ಫೋನಿನ ವಿಷಯದಲ್ಲಿ ಬದಲಾದದ್ದು ತಿಳಿವಳಿಕೆ ಹರಿಯುವ ದಿಕ್ಕು. ಇಲ್ಲಿ ಮಗಳು ಆರಿಸುತ್ತಾಳೆ, ತಂದೆ ಹಣ ಕೊಡುತ್ತಾನೆ; ಹೊಸ ಫೋನಿನಲ್ಲಿ ಅಕ್ಷರಗಳನ್ನು ದೊಡ್ಡದು ಮಾಡುವುದು ಹೇಗೆಂದು ಮೊಮ್ಮಗ ಅಜ್ಜನಿಗೆ ಕಲಿಸುತ್ತಾನೆ. ಆಯ್ಕೆಯ ಅಧಿಕಾರ ಕೈಬದಲಾದಾಗ ಆಯ್ಕೆಯ ಕ್ರಮವೂ ಟೀಕೆಗೆ ಒಳಗಾಗುವುದು ಸಹಜ.

ಭಾರತದಲ್ಲಿ ಮೊದಲ ಮೊಬೈಲ್ ಕರೆ ನಡೆದದ್ದು 1995ರ ಜುಲೈ 31ರಂದು. ಕಲ್ಕತ್ತೆಯಿಂದ ಮುಖ್ಯಮಂತ್ರಿ ಜ್ಯೋತಿ ಬಸು ಅವರು ದೆಹಲಿಯಲ್ಲಿದ್ದ ಕೇಂದ್ರ ಸಂಪರ್ಕ ಸಚಿವ ಸುಖರಾಮ್ ಅವರೊಡನೆ ಮಾತನಾಡಿದರು. ಆ ಕಾಲದಲ್ಲಿ ಕರೆ ಮಾಡಿದವನಷ್ಟೇ ಅಲ್ಲ, ಕರೆ ಸ್ವೀಕರಿಸಿದವನೂ ನಿಮಿಷಕ್ಕಿಷ್ಟೆಂದು ಹಣ ತೆರಬೇಕಿತ್ತು. ಹೀಗಾಗಿ ಮೊಬೈಲು ವ್ಯಾಪಾರಿಗಳ, ಗುತ್ತಿಗೆದಾರರ, ರಾಜಕಾರಣಿಗಳ ವಸ್ತುವಾಗಿ ಉಳಿಯಿತು. ಒಳಬರುವ ಕರೆಗಳು ಉಚಿತವಾದದ್ದು 2003ರಲ್ಲಿ. ಅದೇ ವರ್ಷ ನೋಕಿಯಾ ಸಂಸ್ಥೆ 1100 ಎಂಬ ಮಾದರಿಯನ್ನು ಹೊರತಂದಿತು. ದೂಳಿಗೆ ಜಗ್ಗದ ಕೀಲಿಮಣೆ, ಜಾರದ ಹಿಂಬದಿ, ತಲೆಯಲ್ಲಿ ಒಂದು ಪುಟ್ಟ ಟಾರ್ಚು. ವಿದ್ಯುತ್ತು ಹೇಳದೆ ಕೇಳದೆ ಹೋಗುವ ಊರುಗಳಿಗೆ ಹೇಳಿ ಮಾಡಿಸಿದಂತಿದ್ದ ಈ ಫೋನು ಜಗತ್ತಿನಾದ್ಯಂತ 25 ಕೋಟಿಗೂ ಮೀರಿ ಮಾರಾಟವಾಯಿತು.

ಅಂದಿನ ಜನಪ್ರಿಯತೆಯ ಸ್ವರೂಪ ಗಮನಿಸಬೇಕಾದದ್ದು. ನೋಕಿಯಾ ಕೊಂಡವನಿಗೆ ಯಾವ ನೆಂಟರ ಮನೆಗೆ ಹೋದರೂ ಸಣ್ಣ ಪಿನ್ನಿನ ಚಾರ್ಜರು ದೊರೆಯುತ್ತಿತ್ತು. ಬ್ಯಾಟರಿ ಕೆಟ್ಟರೆ ಸಂತೆಯ ಅಂಗಡಿಯಲ್ಲೂ ಇನ್ನೊಂದು ಸಿಗುತ್ತಿತ್ತು. ರಿಪೇರಿ ಮಾಡುವ ಹುಡುಗನಿಗೆ ಅದರ ಒಳಗಿನ ರಚನೆ ಕಣ್ಣುಮುಚ್ಚಿದರೂ ಗೊತ್ತಿತ್ತು. ಹೆಚ್ಚು ಜನ ಕೊಂಡದ್ದರಿಂದಲೇ ಆ ವಸ್ತುವಿನ ಉಪಯುಕ್ತತೆ ಹೆಚ್ಚಿತು. ಜನಪ್ರಿಯತೆ ಎಂಬುದು ವಸ್ತುವಿಗೆ ಹೊರಗಿನಿಂದ ಅಂಟಿದ ಕೀರ್ತಿಯಾಗಿರದೆ ವಸ್ತುವಿನದೇ ಒಂದು ಗುಣವಾಯಿತು.

ಸ್ಮಾರ್ಟ್‌ಫೋನು ಈ ಸರಳ ಸಂಬಂಧವನ್ನು ಕದಡಿತು. ಆ್ಯಪಲ್ ಸಂಸ್ಥೆಯ ಐಫೋನು 2008ರ ಆಗಸ್ಟಿನಲ್ಲಿ ಭಾರತಕ್ಕೆ ಬಂದಾಗ ಅದರ ಆರಂಭದ ಬೆಲೆ 31,000 ರೂಪಾಯಿ. ಅದೇ ಫೋನು ಅಮೆರಿಕದಲ್ಲಿ ಎರಡು ವರ್ಷಗಳ ಸೇವಾ ಒಪ್ಪಂದದೊಡನೆ 199 ಡಾಲರಿಗೆ ದೊರೆಯುತ್ತಿತ್ತು. ಅಲ್ಲಿನ ಗ್ರಾಹಕ ಉಳಿದ ಬೆಲೆಯನ್ನು ತಿಂಗಳ ಬಿಲ್ಲಿನೊಳಗೆ ಅರಿವಿಲ್ಲದೆ ತೀರಿಸುತ್ತಿದ್ದ. ಇಲ್ಲಿನವನು ಪೂರ್ತಿ ಬೆಲೆಯನ್ನು ಒಮ್ಮೆಗೇ ಎದುರಿಸಬೇಕಾಯಿತು. ಐಫೋನು ಭಾರತದಲ್ಲಿ ಬಹುಕಾಲ ನೋಡುವ ವಸ್ತುವಾಗಿ ಉಳಿಯಿತೇ ಹೊರತು ಕೊಳ್ಳುವ ವಸ್ತುವಾಗಲಿಲ್ಲ. ಬೇಡಿಕೆಯ ಖಾಲಿ ಜಾಗವನ್ನು ಸ್ಯಾಮ್‌ಸಂಗ್, ಮೈಕ್ರೋಮ್ಯಾಕ್ಸ್, ಕಾರ್ಬನ್, ಲಾವಾ ಮುಂತಾದ ಹೆಸರುಗಳ ಆಂಡ್ರಾಯ್ಡ್ ಫೋನುಗಳು ತುಂಬಿದವು.

ನಿಜವಾದ ಪಲ್ಲಟ ನಡೆದದ್ದು 2014ರಲ್ಲಿ. ಆ ವರ್ಷದ ಫೆಬ್ರವರಿಯಲ್ಲಿ ಮೊಟೊ ಜಿ ಎಂಬ ಫೋನು 12,499 ರೂಪಾಯಿಗೆ, ಬೆಂಗಳೂರಿನಲ್ಲಿ ಹುಟ್ಟಿ ಬೆಳೆದ ಫ್ಲಿಪ್‌ಕಾರ್ಟ್ ಜಾಲತಾಣದಲ್ಲಿ ಮಾತ್ರ ಮಾರಾಟಕ್ಕೆ ಬಂದಿತು. ಜುಲೈನಲ್ಲಿ ಚೀನಾದ ಶವೋಮಿ ಸಂಸ್ಥೆ ಎಂಐ 3 ಫೋನನ್ನು 13,999 ರೂಪಾಯಿಗೆ, ಕೆಲವು ವಾರಗಳ ನಂತರ ರೆಡ್‌ಮಿ 1ಎಸ್ ಫೋನನ್ನು 5,999 ರೂಪಾಯಿಗೆ ಅಲ್ಲಿಯೇ ಮಾರಿತು. ಮೊದಲೇ ಹೆಸರು ನೋಂದಾಯಿಸಬೇಕು, ಗೊತ್ತಾದ ದಿನ ಗೊತ್ತಾದ ಗಳಿಗೆಗೆ ಪರದೆಯ ಮುಂದೆ ಕಾಯಬೇಕು, ಸಾವಿರಾರು ಫೋನುಗಳು ಕೆಲವೇ ಸೆಕೆಂಡುಗಳಲ್ಲಿ ಮುಗಿದುಹೋಗುವುದನ್ನು ನೋಡಬೇಕು. ವರ್ಷದ ಕೊನೆಗೆ ಬಂದ ಒನ್‌ಪ್ಲಸ್ ಫೋನನ್ನು ಕೊಳ್ಳಲು ಆಹ್ವಾನಪತ್ರವೇ ಬೇಕಾಯಿತು. ಹಾಸ್ಟೆಲಿನ ಕೋಣೆಯಲ್ಲಿ ನಾಲ್ಕು ಜನ ನಾಲ್ಕು ಕಂಪ್ಯೂಟರುಗಳ ಮುಂದೆ ಕುಳಿತು ಒಬ್ಬನಿಗಾಗಿ ಪ್ರಯತ್ನಿಸಿದ ಕಥೆಗಳು ಆ ಕಾಲದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಾಮಾನ್ಯವಾಗಿದ್ದವು. ಎಚ್‌ಎಂಟಿಯ ಗಡಿಯಾರ ವಿಭಾಗವನ್ನು ಮುಚ್ಚುವ ಸರಕಾರದ ನಿರ್ಧಾರ ಸುದ್ದಿಯಾದದ್ದೂ ಅದೇ ವರ್ಷ.

ಈ ಮಾರಾಟಗಳಲ್ಲಿ ಕಡಿಮೆ ಬೆಲೆ ಮತ್ತು ಅಪೂರ್ವತೆ ಒಂದಾಗಿ ಬೆಸೆದುಕೊಂಡವು. ಅಲ್ಲಿಯವರೆಗೆ ಅಗ್ಗದ ವಸ್ತು ಎಂದರೆ ಎಲ್ಲೆಂದರಲ್ಲಿ ಸಿಗುವ ವಸ್ತು, ದುಬಾರಿ ಎಂದರೆ ವಿರಳವಾದದ್ದು ಎಂಬ ತಿಳಿವಳಿಕೆಯಿತ್ತು. ಈಗ ಅಗ್ಗದ ಫೋನೇ ವಿರಳವಾಯಿತು. ಅದನ್ನು ಪಡೆದವನು ಗೆದ್ದವನಾದ. ಹಣವಿಲ್ಲದ ವಿದ್ಯಾರ್ಥಿಗೆ ತನ್ನ ಬಡತನವನ್ನು ಜಾಣತನವಾಗಿ ತೋರಿಸಿಕೊಳ್ಳುವ ಅವಕಾಶ ಮೊದಲ ಬಾರಿಗೆ ದೊರೆಯಿತು. ನಲವತ್ತು ಸಾವಿರದ ಫೋನು ಮಾಡುವುದನ್ನೆಲ್ಲ ಇದು ಹದಿನಾಲ್ಕು ಸಾವಿರಕ್ಕೆ ಮಾಡುತ್ತದೆ ಎಂಬ ವಾದವನ್ನು ಅವನು ಪ್ರೊಸೆಸರಿನ ಹೆಸರು, ರ‍್ಯಾಮಿನ ಪ್ರಮಾಣ, ಕ್ಯಾಮೆರಾದ ಅಂಕಿ ಸಮೇತ ಮಂಡಿಸಬಲ್ಲವನಾದ.

ಈ ವರ್ತನೆಯನ್ನು ವಿವರಿಸಲು ಅರ್ಥಶಾಸ್ತ್ರದಲ್ಲಿ ಒಂದು ಪ್ರಸಿದ್ಧ ವಿಂಗಡಣೆಯಿದೆ. ಹಾರ್ವೆ ಲೈಬೆನ್‌ಸ್ಟೈನ್ 1950ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಬೇಡಿಕೆಯನ್ನು ಎರಡಾಗಿ ವಿಭಜಿಸಿದ. ವಸ್ತುವಿನ ಸ್ವಂತ ಗುಣಕ್ಕಾಗಿ ಹುಟ್ಟುವುದು ಕಾರ್ಯಾತ್ಮಕ ಬೇಡಿಕೆ; ಇತರ ಕಾರಣಗಳಿಂದ ಹುಟ್ಟುವುದು ಕಾರ್ಯಾತ್ಮಕವಲ್ಲದ ಬೇಡಿಕೆ. ಎರಡನೆಯದರಲ್ಲಿ ಅವನು ಮೂರು ಬಗೆಗಳನ್ನು ಗುರುತಿಸಿದ. ಎಲ್ಲರೂ ಕೊಳ್ಳುತ್ತಾರೆಂದು ತಾನೂ ಕೊಳ್ಳುವುದು ಒಂದು. ಇದನ್ನು ಮೆರವಣಿಗೆಯ ಪರಿಣಾಮ ಎನ್ನಬಹುದು. ಎಲ್ಲರೂ ಕೊಳ್ಳುತ್ತಾರೆಂದೇ ತಾನು ದೂರ ಸರಿಯುವುದು ಇನ್ನೊಂದು. ಬೆಲೆ ಹೆಚ್ಚಾಗಿದೆ ಎಂಬ ಕಾರಣಕ್ಕೇ ಕೊಳ್ಳುವುದು ಮೂರನೆಯದು. ಇದಕ್ಕೆ ಅವನು ವೆಬ್ಲೆನ್ನನ ಹೆಸರನ್ನಿಟ್ಟ; 1899ರಲ್ಲಿ ವಿರಾಮವರ್ಗದ ಬಗೆಗೆ ಗ್ರಂಥ ಬರೆದು, ತೋರಿಕೆಗಾಗಿ ಮಾಡುವ ವೆಚ್ಚವನ್ನು ಮೊದಲು ಶಾಸ್ತ್ರೀಯವಾಗಿ ಚರ್ಚಿಸಿದವನು ಥಾರ್ಸ್ಟೀನ್ ವೆಬ್ಲೆನ್.

ಈ ವಿಂಗಡಣೆಯ ಪ್ರಕಾರ ಜನಪ್ರಿಯತೆಯನ್ನು ನೋಡಿ ಫೋನು ಕೊಳ್ಳುವವನು ವಸ್ತುವಿನ ಗುಣದಿಂದ ದೂರ ಸರಿದವನು. ಹಿರಿಯರ ಆಕ್ಷೇಪವೂ ತಾತ್ವಿಕವಾಗಿ ಇದೇ. ಆದರೆ ಭಾರತದ ಸಣ್ಣ ಊರಿನ ಮೊಬೈಲ್ ಅಂಗಡಿಯೊಳಗೆ ನಿಂತು ನೋಡಿದರೆ ಈ ಗೆರೆ ಅಷ್ಟು ಸ್ಪಷ್ಟವಾಗಿ ಉಳಿಯುವುದಿಲ್ಲ. ಪದವಿಯ ಮೊದಲ ವರ್ಷದಲ್ಲಿರುವ, ಹತ್ತು ಸಾವಿರ ರೂಪಾಯಿಯನ್ನು ಕಿಸೆಯಲ್ಲಿಟ್ಟುಕೊಂಡು ಬಂದಿರುವ ವಿದ್ಯಾರ್ಥಿಯೊಬ್ಬನನ್ನು ಊಹಿಸಿಕೊಳ್ಳಬಹುದು. ಆ ಹಣ ಅವನ ತಾಯಿ ಸ್ವಸಹಾಯ ಸಂಘದಿಂದ ತಂದದ್ದಿರಬಹುದು, ಅವನೇ ರಜೆಯಲ್ಲಿ ದುಡಿದದ್ದಿರಬಹುದು. ಅವನಿಗೆ ಇದು ಮೂರು ವರ್ಷ ಬಾಳಬೇಕಾದ ವಸ್ತು. ಪರದೆ ಒಡೆದರೆ ತಾಲೂಕು ಕೇಂದ್ರದಲ್ಲಿ ಬದಲಾಯಿಸಿಕೊಡುವವರು ಇದ್ದಾರೆಯೇ? ಅದರ ಅಳತೆಯ ಕವರು ಬಸ್ ನಿಲ್ದಾಣದ ಅಂಗಡಿಯಲ್ಲಿ ಸಿಗುತ್ತದೆಯೇ? ವರ್ಷದ ನಂತರ ಬಿಸಿಯಾಗುವ, ತಡೆತಡೆದು ಓಡುವ ಚಾಳಿ ಇದೆಯೇ? ತಯಾರಕರ ಕರಪತ್ರದಲ್ಲಿ ಈ ಪ್ರಶ್ನೆಗಳಿಗೆ ಉತ್ತರವಿಲ್ಲ. ಉತ್ತರವಿರುವುದು ಅದೇ ಫೋನನ್ನು ಈಗಾಗಲೇ ಬಳಸುತ್ತಿರುವ ಸಹಪಾಠಿಗಳ ಬಳಿ. ಹತ್ತು ಜನ ನಡೆದ ದಾರಿಯಲ್ಲಿ ಮುಳ್ಳು ಕಡಿಮೆ. ಒಂದು ತಪ್ಪು ಆಯ್ಕೆಯನ್ನು ಸರಿಪಡಿಸಿಕೊಳ್ಳಲು ಎರಡನೆಯ ಹತ್ತು ಸಾವಿರ ಇಲ್ಲದವನಿಗೆ ಜನಪ್ರಿಯತೆ ಒಂದು ಬಗೆಯ ವಿಮೆ. ಲೈಬೆನ್‌ಸ್ಟೈನನ ಪರಿಭಾಷೆಯಲ್ಲಿಯೇ ಹೇಳುವುದಾದರೆ, ಇಲ್ಲಿ ಜನಪ್ರಿಯತೆ ಕಾರ್ಯಾತ್ಮಕ ಬೇಡಿಕೆಯ ಒಳಗೇ ಸೇರಿಕೊಂಡಿದೆ. ಹೊಸ ಹೆಸರಿನ, ಯಾರೂ ಕೊಳ್ಳದ ಫೋನನ್ನು ಪ್ರಯೋಗಾರ್ಥವಾಗಿ ಕೊಳ್ಳುವ ಸ್ವಾತಂತ್ರ್ಯ ಇರುವುದು ಹಣವುಳ್ಳವನಿಗೆ.

ಬೆಲೆಯ ಏಣಿಯ ಮೇಲಿನ ಮೆಟ್ಟಿಲಿನಲ್ಲಿ ಜನಪ್ರಿಯತೆಯ ಅರ್ಥವೇ ಬೇರೆ. ಅಲ್ಲಿ ಎಷ್ಟು ಜನ ಕೊಂಡಿದ್ದಾರೆ ಎಂಬುದಕ್ಕಿಂತ ಎಷ್ಟು ಜನ ಬಯಸಿಯೂ ಕೊಳ್ಳಲಾಗಿಲ್ಲ ಎಂಬುದು ಮುಖ್ಯ. ಕನ್ನಡಿಯ ಮುಂದೆ ನಿಂತು ತೆಗೆದುಕೊಂಡ ಚಿತ್ರದಲ್ಲಿ ಮುಖದ ಜೊತೆಗೆ ಫೋನಿನ ಬೆನ್ನಿನ ಕಚ್ಚಿದ ಸೇಬೂ ಕಾಣಬೇಕು. ಆ ಗುರುತು ಮರೆಯಾಗಬಾರದೆಂದೇ ಅದರ ಕವರುಗಳಲ್ಲಿ ಕೆಲವಕ್ಕೆ ಆ ಜಾಗದಲ್ಲಿ ದುಂಡನೆಯ ಕಿಂಡಿಯಿರುತ್ತದೆ. ನಾಲ್ಕು ವರ್ಷ ಹಳೆಯದಾದ, ಎರಡು ಕೈ ಬದಲಿಸಿದ ಐಫೋನನ್ನು ಅದೇ ಬೆಲೆಯ ಹೊಸ ಆಂಡ್ರಾಯ್ಡ್ ಫೋನಿಗಿಂತ ಮೇಲೆಂದು ಎಣಿಸುವ ತರುಣರಿದ್ದಾರೆ. ಇದನ್ನೂ ಬರಿಯ ಮೋಹವೆಂದು ತಳ್ಳಿಹಾಕುವಂತಿಲ್ಲ. ಮರುಮಾರಾಟದಲ್ಲಿ ಆ ಫೋನು ಬೆಲೆಯನ್ನು ಹೆಚ್ಚು ಕಾಲ ಉಳಿಸಿಕೊಳ್ಳುತ್ತದೆ. ಹಾಗೆ ಉಳಿಸಿಕೊಳ್ಳುವುದಕ್ಕೆ ಕಾರಣ ಮತ್ತೆ ಅದರ ಜನಪ್ರಿಯತೆಯೇ. ಬೆಲೆ ಜನಪ್ರಿಯತೆಯನ್ನು, ಜನಪ್ರಿಯತೆ ಬೆಲೆಯನ್ನು ಸಾಕುವ ವರ್ತುಲವಿದು. ಆದರೂ ಕೆಳಗಿನ ಮೆಟ್ಟಿಲಿನವನು ಸುರಕ್ಷೆಯನ್ನು ಕೊಳ್ಳುತ್ತಾನೆ, ಮೇಲಿನ ಮೆಟ್ಟಿಲಿನವನು ಸ್ಥಾನವನ್ನು ಕೊಳ್ಳುತ್ತಾನೆ ಎಂಬ ವ್ಯತ್ಯಾಸ ಉಳಿದೇ ಇರುತ್ತದೆ. ಇಬ್ಬರನ್ನೂ ಅನುಕರಣೆ ಎಂಬ ಒಂದೇ ಮಾತಿನಿಂದ ಅಳೆಯುವುದು ವಿಮರ್ಶೆಯ ಸೋಮಾರಿತನ.

ಜನಪ್ರಿಯತೆ ಎಂಬುದು ಜನರೊಳಗಿಂದ ತಾನಾಗಿ ಹುಟ್ಟುತ್ತದೆ ಎಂದು ತಿಳಿಯುವುದೂ ಸರಿಯಲ್ಲ. ವಿವೋ ಸಂಸ್ಥೆ 2018ರಿಂದ ಐದು ವರ್ಷಗಳ ಐಪಿಎಲ್ ಪ್ರಾಯೋಜಕತ್ವಕ್ಕಾಗಿ 2,199 ಕೋಟಿ ರೂಪಾಯಿ ನೀಡಲು ಒಪ್ಪಿಕೊಂಡಿತ್ತು. ಭಾರತ ತಂಡದ ಅಂಗಿಯ ಮೇಲೆ ಹೆಸರು ಹಾಕಿಸಿಕೊಳ್ಳಲು ಒಪ್ಪೋ ಸಂಸ್ಥೆ 2017ರಲ್ಲಿ ಸಾವಿರ ಕೋಟಿಗೂ ಮೀರಿದ ಮೊತ್ತದ ಒಪ್ಪಂದ ಮಾಡಿಕೊಂಡಿತು. ಅದೇ ವರ್ಷಗಳಲ್ಲಿ ಹೋಬಳಿ ಮಟ್ಟದ ಪೇಟೆಬೀದಿಗಳಲ್ಲೂ ಅಂಗಡಿಗಳ ಫಲಕಗಳು ಒಂದೇ ಬಗೆಯ ನೀಲಿಗೆ, ಒಂದೇ ಬಗೆಯ ಹಸಿರಿಗೆ ತಿರುಗಿದವು. ಫಲಕದ ಮೂಲೆಯಲ್ಲಿ ಅಂಗಡಿಯ ಹೆಸರು, ಉಳಿದ ಜಾಗದಲ್ಲೆಲ್ಲ ಫೋನಿನ ಹೆಸರು. ಹೀಗೆ ಹಣ ತೆತ್ತು ಪಡೆದ ಪ್ರಸಿದ್ಧಿಯ ವೆಚ್ಚವೂ ಕೊನೆಗೆ ಫೋನಿನ ಬೆಲೆಯೊಳಗೇ ಸೇರುತ್ತದೆ. ಗೆಳೆಯನ ಮಾತಿನಿಂದ ಬಂದ ಜನಪ್ರಿಯತೆ ವಿದ್ಯಾರ್ಥಿಯ ಹಣವನ್ನು ಉಳಿಸಿದರೆ, ಫಲಕದಿಂದ ಬಂದ ಜನಪ್ರಿಯತೆಗೆ ಅವನೇ ಹಣ ತೆರುತ್ತಾನೆ. ಹೊರನೋಟಕ್ಕೆ ಎರಡೂ ಒಂದೇ ಬಗೆಯಾಗಿ ಕಾಣುವುದರಿಂದ ತೊಡಕು ಹುಟ್ಟುತ್ತದೆ.

ಬೆಲೆ ಮತ್ತು ಜನಪ್ರಿಯತೆಗಳ ನಡುವಿನ ಸಮತೋಲನವನ್ನು ಎಲ್ಲಕ್ಕಿಂತ ಹೆಚ್ಚಾಗಿ ಕೆಡಿಸಿದ್ದು ಕಂತು. ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆ ಹಾಸಿಗೆಯ ಉದ್ದ ಕಣ್ಣಿಗೆ ಕಾಣುತ್ತಿದ್ದ ಕಾಲದ್ದು. ಬಡ್ಡಿಯಿಲ್ಲದ ಕಂತು ಎಂಬ ಮಾತು ಆ ಉದ್ದವನ್ನು ಮರೆಮಾಡುತ್ತದೆ. ಶೂನ್ಯ ಬಡ್ಡಿ ಎಂಬ ಪರಿಕಲ್ಪನೆಯೇ ಇಲ್ಲ, ಬಡ್ಡಿಯನ್ನು ಬೇರೆ ಶುಲ್ಕಗಳ ರೂಪದಲ್ಲಿ ಅಡಗಿಸಿಡಲಾಗುತ್ತದೆ ಎಂಬ ಕಾರಣಕ್ಕೆ ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿ ಬ್ಯಾಂಕುಗಳಿಗೆ ಎಚ್ಚರಿಕೆ ನೀಡಿತ್ತು. ಆದರೂ ಆ ಮಾತು ಬೇರೆ ಬೇರೆ ವೇಷಗಳಲ್ಲಿ ಅಂಗಡಿಯ ಗಾಜಿನ ಮೇಲೆ ಉಳಿದುಕೊಂಡಿದೆ. ಲೆಕ್ಕ ಸರಳವಾದದ್ದು. ಹನ್ನೆರಡು ಸಾವಿರದ ಫೋನನ್ನು ಆರು ತಿಂಗಳಲ್ಲಿ ತೀರಿಸಿದರೆ ತಿಂಗಳಿಗೆ 2,000 ರೂಪಾಯಿ. ಎಂಬತ್ತು ಸಾವಿರದ ಫೋನನ್ನು ಇಪ್ಪತ್ತನಾಲ್ಕು ತಿಂಗಳಲ್ಲಿ ತೀರಿಸಿದರೆ ತಿಂಗಳಿಗೆ 3,333 ರೂಪಾಯಿ. ಅಂಗಡಿಯವನು ಹೋಲಿಸಿ ತೋರಿಸುವುದು ಈ ಎರಡು ತಿಂಗಳ ಮೊತ್ತಗಳನ್ನು. ಅರವತ್ತೆಂಟು ಸಾವಿರದ ಅಂತರ ಅವನ ಮಾತಿನಲ್ಲಿ ಸಾವಿರದ ಮುನ್ನೂರು ಚಿಲ್ಲರೆಯಾಗುತ್ತದೆ. ತಿಂಗಳಿಗೆ ಹದಿನೈದು ಸಾವಿರ ದುಡಿಯುವ ತರುಣ ಎರಡು ವರ್ಷಗಳ ಕಾಲ ತನ್ನ ದುಡಿಮೆಯ ಐದರಲ್ಲೊಂದಕ್ಕಿಂತ ಹೆಚ್ಚಿನ ಭಾಗವನ್ನು ಬರೆದುಕೊಟ್ಟು ಹೊರಬರುತ್ತಾನೆ. ಬೆಲೆ ಎಂಬ ತಡೆ ಕರಗಿದಾಗ ಆಯ್ಕೆಗೆ ಜನಪ್ರಿಯತೆಯೊಂದೇ ಮಾನದಂಡವಾಗಿ ಉಳಿಯುತ್ತದೆ. ಹಿರಿಯರ ಆತಂಕಕ್ಕೆ ನಿಜವಾದ ಆಧಾರವಿರುವುದು ಇಲ್ಲಿ.

ಫೋನು ಶೋಕಿಯೋ ಅಗತ್ಯವೋ ಎಂಬ ಹಳೆಯ ಚರ್ಚೆಯನ್ನು 2020ರ ಕೊರೋನಾ ಕಾಲ ಕೊನೆಗಾಣಿಸಿತು. ಶಾಲೆಗಳು ಮುಚ್ಚಿ ಪಾಠಗಳು ಪರದೆಗೆ ಬಂದಾಗ ಫೋನಿಲ್ಲದ ಮಕ್ಕಳು ತರಗತಿಯಿಂದಲೇ ಹೊರಗುಳಿದರು. ಅಂಥವರನ್ನೂ ತಲುಪಲು ಕರ್ನಾಟಕ ಸರಕಾರ ವಿದ್ಯಾಗಮ ಯೋಜನೆಯಡಿ ಶಿಕ್ಷಕರನ್ನು ಊರಿನ ದೇವಸ್ಥಾನದ ಅಂಗಳಕ್ಕೆ, ಮರದ ನೆರಳಿಗೆ ಕಳುಹಿಸಬೇಕಾಯಿತು. ಅದೇ ವರ್ಷದ ಏಪ್ರಿಲ್ 1ರಿಂದ ಮೊಬೈಲಿನ ಮೇಲಿನ ಜಿಎಸ್‌ಟಿ ಶೇಕಡ 12ರಿಂದ 18ಕ್ಕೆ ಏರಿತ್ತು ಎಂಬುದು ಕಾಲದ ವಿಪರ್ಯಾಸ. ಆಯ್ಕೆ ಎಂಬ ಮಾತಿನ ಮಿತಿಯೂ ಆಗ ಬೆಳಕಿಗೆ ಬಂದಿತು. ಮನೆಯಲ್ಲಿ ಒಂದೇ ಫೋನಿದ್ದಾಗ ಅದು ಯಾರ ಕೈಗೆ ಹೋಗುತ್ತದೆ? ಅನೇಕ ಮನೆಗಳಲ್ಲಿ ಹೊಸ ಫೋನು ಮಗನಿಗೆ, ಅವನ ಹಳೆಯ ಫೋನು ಮಗಳಿಗೆ. ಬೆಲೆಯನ್ನಾಗಲಿ ಜನಪ್ರಿಯತೆಯನ್ನಾಗಲಿ ತೂಗಿ ನೋಡುವ ಅವಕಾಶವೇ ಅವಳಿಗೆ ಇರಲಿಲ್ಲ. ಯುವಜನರ ಆಯ್ಕೆಯನ್ನು ಕುರಿತ ಯಾವ ಅಧ್ಯಯನವೂ ಈ ಕೈಬದಲಾದ ಫೋನುಗಳನ್ನು ಮರೆತು ಪೂರ್ಣವಾಗಲಾರದು.

ಈ ಚರ್ಚೆಗೆ ಕನ್ನಡದ ನೆಲದಲ್ಲಿಯೇ ಇನ್ನೊಂದು ಮುಖವಿದೆ. ಐಫೋನಿನ ಜೋಡಣೆ ಭಾರತದಲ್ಲಿ 2017ರಲ್ಲಿ ಆರಂಭವಾದದ್ದು ಬೆಂಗಳೂರಿನ ಪೀಣ್ಯದಲ್ಲಿ. ಅನಂತರ ಕೋಲಾರ ಜಿಲ್ಲೆಯ ನರಸಾಪುರದಲ್ಲಿ ವಿಸ್ಟ್ರಾನ್ ಸಂಸ್ಥೆಯ ದೊಡ್ಡ ಕಾರ್ಖಾನೆ ತಲೆಯೆತ್ತಿತು. ಅಲ್ಲಿ ದುಡಿಯಲು ಬಂದವರು ಬಹುಪಾಲು ಐಟಿಐ, ಡಿಪ್ಲೊಮಾ, ಪದವಿ ಮುಗಿಸಿದ ತರುಣ ತರುಣಿಯರು. ವೇತನ ಸರಿಯಾಗಿ ಸಿಗುತ್ತಿಲ್ಲವೆಂಬ ಅಸಮಾಧಾನ 2020ರ ಡಿಸೆಂಬರ್ 12ರಂದು ಸ್ಫೋಟಗೊಂಡು ಕಾರ್ಖಾನೆಯ ಗಾಜುಗಳು ಪುಡಿಯಾದವು. ವೇತನ ಪಾವತಿಯಲ್ಲಿ ಲೋಪಗಳಾದದ್ದನ್ನು ಸಂಸ್ಥೆ ಒಪ್ಪಿ ಕಾರ್ಮಿಕರ ಕ್ಷಮೆ ಕೇಳಿತು. ಆ್ಯಪಲ್ ಹೊಸ ಕೆಲಸ ಕೊಡುವುದನ್ನು ತಡೆಹಿಡಿಯಿತು. 2023ರಲ್ಲಿ ಆ ಕಾರ್ಖಾನೆ ಟಾಟಾ ಸಮೂಹದ ಕೈಸೇರಿತು. ಒಂದೇ ವಯಸ್ಸಿನ ಇಬ್ಬರಲ್ಲಿ ಒಬ್ಬರು ಆ ಫೋನಿನ ಬೆಲೆಯನ್ನು ಕಂತುಗಳಲ್ಲಿ ಎಣಿಸುತ್ತಾರೆ, ಇನ್ನೊಬ್ಬರು ತಿಂಗಳ ಸಂಬಳಗಳಲ್ಲಿ ಎಣಿಸುತ್ತಾರೆ. ಕೊಳ್ಳುವವರ ಬೆಲೆಯನ್ನು ಕುರಿತು ಇಷ್ಟು ಮಾತನಾಡುವ ಸಮಾಜ ಮಾಡುವವರಿಗೆ ಸಲ್ಲುವ ಬೆಲೆಯನ್ನು ಕುರಿತು ಮಾತನಾಡಿದ್ದು ಗಾಜು ಒಡೆದ ಒಂದು ವಾರ ಮಾತ್ರ.

ಬೆಲೆ ಮತ್ತು ಜನಪ್ರಿಯತೆಗಳ ಆಚೆಗೆ ಅಂಗಡಿಯಲ್ಲಿ ಕೇಳಬೇಕಾದ ಮೂರನೆಯ ಪ್ರಶ್ನೆಯೊಂದಿದೆ: ಇದು ಎಷ್ಟು ಕಾಲ ಬಾಳುತ್ತದೆ? ಗೂಗಲ್ 2023ರಲ್ಲಿ, ಸ್ಯಾಮ್‌ಸಂಗ್ 2024ರಲ್ಲಿ ತಮ್ಮ ದುಬಾರಿ ಮಾದರಿಗಳಿಗೆ ಏಳು ವರ್ಷಗಳ ತಂತ್ರಾಂಶ ಪರಿಷ್ಕರಣೆಯ ಭರವಸೆ ನೀಡಿದವು. ಅಗ್ಗದ ಫೋನುಗಳಲ್ಲಿ ಅನೇಕಕ್ಕೆ ಅದರ ಅರ್ಧದಷ್ಟು ಅವಧಿಯೂ ದೊರೆಯುವುದಿಲ್ಲ. ಹನ್ನೆರಡು ಸಾವಿರದ ಫೋನು ಎರಡು ವರ್ಷ ಬಾಳಿದರೆ ವರ್ಷದ ವೆಚ್ಚ 6,000 ರೂಪಾಯಿ; ಮೂವತ್ತು ಸಾವಿರದ್ದು ಆರು ವರ್ಷ ಬಾಳಿದರೆ 5,000 ರೂಪಾಯಿ. ಒಮ್ಮೆಗೇ ಹೆಚ್ಚು ಹಣ ಕೊಡಲಾರದವನೇ ಕೊನೆಗೆ ಹೆಚ್ಚು ಕೊಡುತ್ತಾನೆ. ಯುರೋಪಿನ ಒಕ್ಕೂಟ 2025ರ ಜೂನ್‌ನಿಂದ ಬೆಲೆಯ ಭೇದವಿಲ್ಲದೆ ಫೋನುಗಳಿಗೆ ಕನಿಷ್ಠ ಐದು ವರ್ಷಗಳ ಪರಿಷ್ಕರಣೆಯನ್ನೂ ಬಿಡಿಭಾಗಗಳ ಲಭ್ಯತೆಯನ್ನೂ ಕಡ್ಡಾಯಗೊಳಿಸಿದೆ. ಭಾರತದಲ್ಲಿ ರಿಪೇರಿಯ ಹಕ್ಕಿಗಾಗಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರಲ್ಲಿ ಸಮಿತಿಯನ್ನು ರಚಿಸಿತು. ಬಾಳಿಕೆಯ ಅವಧಿಯನ್ನು ಬೆಲೆಯಷ್ಟೇ ದೊಡ್ಡ ಅಕ್ಷರಗಳಲ್ಲಿ ಪೆಟ್ಟಿಗೆಯ ಮೇಲೆ ಮುದ್ರಿಸಿದರೆ ಹತ್ತು ಸಾವಿರ ಹಿಡಿದು ಬಂದ ವಿದ್ಯಾರ್ಥಿ ಅದನ್ನು ಓದದೆ ಇರಲಾರ.

ಕೈಗಡಿಯಾರದ ಕಾಲದಲ್ಲಿ ಈ ಮೂರನೆಯ ಪ್ರಶ್ನೆಯನ್ನು ಬೇರೆಯಾಗಿ ಕೇಳಬೇಕಾಗಿರಲಿಲ್ಲ; ಕೀಲಿ ಕೊಡುತ್ತಿದ್ದರೆ ಅದು ತಂದೆಯ ಕೈಯಿಂದ ಮಗನ ಕೈಗೂ ಬರುತ್ತಿತ್ತು. ಇಂದಿನ ಯುವಜನರು ಆ ಪ್ರಶ್ನೆಯನ್ನು ಕೇಳುವುದಿಲ್ಲ ಎಂದು ದೂರುವುದಕ್ಕಿಂತ, ಅದಕ್ಕೆ ಉತ್ತರ ದೊರೆಯದ ಮಾರುಕಟ್ಟೆಯೊಂದರಲ್ಲಿ ಅವರು ತಮಗೆ ಸಿಕ್ಕಿದ ಎರಡೇ ಸುಳಿವುಗಳನ್ನು ಹಿಡಿದು ನಡೆಯುತ್ತಿದ್ದಾರೆ ಎಂದು ತಿಳಿಯುವುದು ನ್ಯಾಯವಾದದ್ದು.